ಏರುತ್ತಾ ಹೋದ ಕುರ್ಚಿ

ಸಲೂನಿನ ಮೇಲಿನ ಕೋಣೆಯಲ್ಲಿ ಒಬ್ಬರೇ ಇರುವ ಮುದುಕರನ್ನು ಬೀದಿಯವರೆಲ್ಲ ಕುರ್ಚಿ ಮೇಸ್ತ್ರಿ ಎಂದು ಕರೆಯುತ್ತಾರೆ. ಅವರು ಬಡಗಿ. ಬಾಗಿಲು, ಕಿಟಕಿ, ಕಪಾಟು ಎಲ್ಲವನ್ನೂ ಮಾಡಬಲ್ಲವರು. ಆದರೂ ಜೀವಮಾನವಿಡೀ ಹೆಚ್ಚಾಗಿ ಮಾಡಿದ್ದು ಕುರ್ಚಿಗಳನ್ನೇ. ಶಾಲೆಯ ಮೇಷ್ಟ್ರು ಕೂರುವ ಕುರ್ಚಿ, ದವಾಖಾನೆಯಲ್ಲಿ ರೋಗಿಗಳು ಕಾಯುವ ಕುರ್ಚಿ, ಅಂಗಡಿಯ ಗಲ್ಲಾದ ಹಿಂದಿನ ಕುರ್ಚಿ, ಇಂಥವು. ಕೆಲಸ ಮಾತ್ರ ನೆಲದ ಮೇಲೆ ನಡೆಯುತ್ತಿತ್ತು. ಕುಕ್ಕರಗಾಲಿನಲ್ಲಿ ಕೂತು, ಹಲಗೆಯನ್ನು ಒಂದು ಪಾದದಿಂದ ಅದುಮಿ ಹಿಡಿದು ಗರಗಸ ಆಡಿಸುತ್ತಿದ್ದರು. ಗೋಡೆಯ ಮೇಲಿನ ಉಳಿ ಬೇಕಾದರೆ ಏಳುವುದು, ಕೆತ್ತಲು ಕೂರುವುದು, ದೂರದಿಂದ ನೇರ ನೋಡಲು ಮತ್ತೆ ಏಳುವುದು. ದಿನವೆಲ್ಲ ಹೀಗೆಯೇ. ಅಷ್ಟು ಜನರಿಗೆ ಕುರ್ಚಿ ಮಾಡಿಕೊಟ್ಟವರು ತಾವು ಕುರ್ಚಿಯಲ್ಲಿ ಕೂತದ್ದು ಬಹಳ ಕಡಿಮೆ.

ಕೂರುತ್ತಿದ್ದುದು ಒಂದೇ ಒಂದು ಕಾರಣಕ್ಕೆ. ಕುರ್ಚಿ ಮುಗಿದ ಮೇಲೆ, ಬಣ್ಣ ಬಳಿಯುವ ಮೊದಲು, ಎರಡೂ ಕೈಗಳನ್ನು ಎದೆಗೆ ಕಟ್ಟಿಕೊಂಡು ಅದರಲ್ಲಿ ಒಮ್ಮೆ ಕೂತು ಏಳುತ್ತಿದ್ದರು. ಏಳುವಾಗ ಕೈ ತಾನಾಗಿಯೇ ಬಿಚ್ಚಿಕೊಂಡು ಆಸರೆ ಹುಡುಕಿತೆಂದರೆ ಆ ಕುರ್ಚಿ ಗಿರಾಕಿಗೆ ಹೋಗುವಂತಿಲ್ಲ. ಎತ್ತರ ಸಾಲದಾಗಿದೆ, ಇಲ್ಲವೇ ಕೂರುವ ಹಲಗೆ ಹಿಂದಕ್ಕೆ ಹೆಚ್ಚು ಇಳಿದಿದೆ. ಬಿಚ್ಚಿ ಸರಿಮಾಡಬೇಕು. ಕೂರುವವರದ್ದು ಎಂದೂ ತಪ್ಪಿರುವುದಿಲ್ಲ, ತಪ್ಪೇನಿದ್ದರೂ ಕುರ್ಚಿಯದ್ದು ಎಂದು ಅವರಿಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು. ಬಡಗಿಗೆ ಅದು ಒಳ್ಳೆಯ ಪಾಠವೇ. ಮೇಸ್ತ್ರಿ ಅದನ್ನು ಯಾವತ್ತೂ ಮೀರಲಿಲ್ಲ.

ಅವರು ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ಅಳತೆ ಹೊಂದಲಿಲ್ಲ ಎಂದು ನಗುತ್ತಿದ್ದರು. ಒಬ್ಬಳೇ ತಂಗಿ ಇದ್ದಳು, ಆಕೆಯೂ ತೀರಿಕೊಂಡಳು. ಉಳಿದವಳು ತಂಗಿಯ ಮಗಳು. ಬಸ್ಸಿನಲ್ಲಿ ಬರುವಷ್ಟು ದೂರದ ಬಡಾವಣೆಯಲ್ಲಿ ಗಂಡ, ಇಬ್ಬರು ಮಕ್ಕಳೊಂದಿಗೆ ಇದ್ದಾಳೆ. ಔಷಧಿ ಅಂಗಡಿಯಲ್ಲಿ ಕೆಲಸ. ರಜೆ ಸಿಕ್ಕಾಗ ಸೋದರಮಾವನನ್ನು ನೋಡಲು ಬರುತ್ತಾಳೆ.

ಅವರು ಕೆಲಸ ಮಾಡುತ್ತಿದ್ದ ಮರದ ಅಂಗಡಿಯನ್ನು ಯಜಮಾನರು ಮುಚ್ಚಿಕೊಂಡು ಹೋದ ಮೇಲೆ ಮೇಸ್ತ್ರಿಗೆ ಕೂತು ಕೆಲಸ ಮಾಡುವ ಜಾಗ ತಪ್ಪಿತು. ಹೊಸ ಜಾಗ ಹುಡುಕುವ ವಯಸ್ಸೂ ಅದಾಗಿರಲಿಲ್ಲ. ಸಲಕರಣೆಗಳನ್ನು ಎಣ್ಣೆ ಸವರಿ ಗೋಣಿಚೀಲದಲ್ಲಿ ಸುತ್ತಿ ಮಂಚದ ಕೆಳಗಿಟ್ಟರು. ತಮಗೆಂದೇ ಹಿಂದೆ ಯಾವಾಗಲೋ ಮಾಡಿಕೊಂಡಿದ್ದ ಕುರ್ಚಿಯನ್ನು ಕಿಟಕಿಯ ಬಳಿ ಎಳೆದುಕೊಂಡರು. ಅಲ್ಲಿಂದ ಬೀದಿ ಕಾಣುತ್ತದೆ. ಬೆಳಿಗ್ಗೆ ಒಂದಿಷ್ಟು ಹೊತ್ತು ಕೆಳಗಿಳಿದು ಸಲೂನಿನ ಬೆಂಚಿನ ಮೇಲೆ ಕೂತು ಪೇಪರು ಓದುತ್ತಿದ್ದರು. ಉಳಿದ ಹೊತ್ತೆಲ್ಲ ಆ ಕುರ್ಚಿ.

ಎಷ್ಟು ಕಾಲ ಕಳೆದಿತ್ತೋ, ಒಂದು ಮಧ್ಯಾಹ್ನ ಒಲೆಯ ಮೇಲಿಟ್ಟ ಹಾಲು ನೋಡಲು ಎದ್ದಾಗ ಕೈ ಕುರ್ಚಿಯ ತೋಳನ್ನು ಹಿಡಿದಿತ್ತು. ಹಿಡಿದದ್ದು ಅವರಿಗೆ ಗೊತ್ತಾದದ್ದು ಎದ್ದು ನಿಂತ ಮೇಲೆ. ಹಾಲು ಉಕ್ಕಿ ಹೋದರೂ ಅತ್ತ ಹೋಗದೆ ಕುರ್ಚಿಯನ್ನೇ ನೋಡುತ್ತ ನಿಂತರು. ಮತ್ತೆ ಕೂತು, ಕೈಕಟ್ಟಿ, ಏಳಲು ನೋಡಿದರು. ಆಗಲಿಲ್ಲ. ಕುರ್ಚಿಯನ್ನು ಮಗುಚಿ ಕಾಲುಗಳ ತುದಿ ಸವರಿದರು. ವರ್ಷಗಟ್ಟಲೆ ಎಳೆದಾಡಿ ತುದಿಗಳು ಸವೆದಿದ್ದುದು ನಿಜ. ಸವೆದದ್ದು ಉಗುರಿನ ದಪ್ಪದಷ್ಟು ಇದ್ದೀತು. ಅವರಿಗೆ ಅಷ್ಟು ಸಾಕಾಯಿತು. ಗೋಣಿಚೀಲ ಬಿಚ್ಚಿ, ನಾಲ್ಕು ಮರದ ತುಂಡುಗಳನ್ನು ಅಳತೆಗೆ ಕೊಯ್ದು, ಕಾಲುಗಳ ಕೆಳಗೆ ಅಂಟಿಸಿ ಮೊಳೆ ಹೊಡೆದರು. ಕೂತು ಎದ್ದರು. ಕೈ ಅಲುಗಲಿಲ್ಲ. ಬಹಳ ದಿನದ ಮೇಲೆ ಒಂದು ಕೆಲಸ ಸರಿಯಾಗಿ ಮಾಡಿದ ಖುಷಿಯಲ್ಲಿ ಅಂದು ಎರಡು ಸಲ ಟೀ ಮಾಡಿಕೊಂಡು ಕುಡಿದರು.

ಮುಂದಿನ ಬೇಸಿಗೆಯ ಹೊತ್ತಿಗೆ ಕೈ ಮತ್ತೆ ಕುರ್ಚಿಯ ತೋಳಿಗೆ ಹೋಯಿತು. ಇನ್ನೊಂದು ಸುತ್ತು ತುಂಡುಗಳು ಬಂದವು. ಆಮೇಲೆ ಮಂಚಕ್ಕೂ ಬಂದವು. ಕಮೋಡಿನ ಮೇಲೆ ನಡುವೆ ಕಂಡಿ ಬಿಟ್ಟ ಒಂದು ಮರದ ಪೆಟ್ಟಿಗೆ ಕೂತಿತು. ಬಟ್ಟೆ ಒಗೆಯುವ ಬಕೆಟ್ಟಿಗೆ ಎತ್ತರದ ಸ್ಟೂಲು ಸಿದ್ಧವಾಯಿತು. ಬಗ್ಗಿ ತೆಗೆಯಬೇಕಾದ ಪಾತ್ರೆಗಳೆಲ್ಲ ಗೂಡಿಗೆ ಏರಿದವು. ಸಲಕರಣೆಗಳೂ ಮಂಚದ ಕೆಳಗಿನಿಂದ ಗೂಡಿಗೆ ಏರಿದವು. ಪ್ರತಿಯೊಂದೂ ನೀಟಾದ ಕೆಲಸ, ಅಂಚು ಉಜ್ಜಿ ಬಣ್ಣ ಬಳಿದದ್ದು. ತಂಗಿಯ ಮಗಳು ಬಂದವಳು ಮಾವ ಸುಮ್ಮನೆ ಕೂರುವವರಲ್ಲ ಎಂದು ಹೊಗಳಿ ಹೋದಳು. ಒಮ್ಮೆ ಬಾಡಿಗೆ ಚೀಟಿ ಕೊಡಲು ಮೇಲೆ ಬಂದ ಸಲೂನಿನವನು ಆ ಕುರ್ಚಿಯಲ್ಲಿ ಕೂತು, ನೆಲ ಮುಟ್ಟದ ಕಾಲುಗಳನ್ನು ಆಡಿಸುತ್ತ, "ಏನ್ ಮೇಸ್ತ್ರಿ, ನಿಮ್ಮನೆಗೆ ಬಂದ್ರೆ ಜಡ್ಜು ಆದಂಗಾಗುತ್ತೆ. ಯಾರಿಗ್ ಶಿಕ್ಷೆ ಕೊಡ್ಲಿ?" ಎಂದು ಕೇಳಿದ್ದ. ಮೇಸ್ತ್ರಿಯೂ ನಕ್ಕಿದ್ದರು. ತಮ್ಮ ಕಾಲುಗಳೂ ತೂಗಾಡುತ್ತವೆಂದು ಅದರ ಮುಂದೆ ಒಂದು ಮಣೆ ಇಟ್ಟುಕೊಂಡಿದ್ದರು.

ಕೋಣೆಯೊಳಗೆ ಎಲ್ಲವೂ ಅವರ ಅಳತೆಗೆ ಬಂದಿತ್ತು. ಹೊರಗಿನ ಲೋಕ ಮಾತ್ರ ಇದ್ದಷ್ಟೇ ಎತ್ತರದಲ್ಲಿತ್ತು.

ಮೊದಲು ಕೈಕೊಟ್ಟದ್ದು ಸಲೂನಿನ ಬೆಂಚು. ಒಂದು ಬೆಳಿಗ್ಗೆ ಪೇಪರು ಓದಿ ಮುಗಿಸಿದವರಿಗೆ ಏಳಲಾಗಲಿಲ್ಲ. ಪಕ್ಕದಲ್ಲಿ ಗಿರಾಕಿಗಳಿದ್ದರು. ಮೇಸ್ತ್ರಿ ಪೇಪರನ್ನು ಮೊದಲ ಪುಟದಿಂದ ಮತ್ತೆ ಓದಿದರು. ಸಲೂನಿನವನು ಊಟಕ್ಕೆ ಒಳಗೆ ಹೋಗುವವರೆಗೂ ಓದಿದರು. ಆಮೇಲೆ ಬೆಂಚಿನ ತುದಿಗೆ ಸರಿದು, ಗೋಡೆಗೆ ಅಂಗೈ ಊರಿ, ಹೇಗೋ ಎದ್ದು ಮೆಟ್ಟಿಲ ಕಂಬಿಯನ್ನು ಎರಡೂ ಕೈಯಿಂದ ಹಿಡಿದು ಮೇಲೆ ಹೋದರು. ಮರುದಿನದಿಂದ ಇಳಿಯಲಿಲ್ಲ. ಕೇಳಿದ್ದಕ್ಕೆ, ಅಂಗಡಿಯ ರೇಡಿಯೋ ಸದ್ದಿಗೆ ತಲೆನೋವು ಬರುತ್ತದೆ ಎಂದರು. ಸಲೂನಿನವನಿಗೆ ಬೇಜಾರಾಯಿತು. ತನ್ನ ರೇಡಿಯೋ ನಿನ್ನೆ ಮೊನ್ನೆ ಹುಟ್ಟಿದ್ದಾ ಎಂದು ಗಿರಾಕಿಗಳ ಮುಂದೆ ಗೊಣಗಿ, ಕೆಲವು ದಿನ ಕೆಳಗಿನಿಂದ ಕೂಗಿ ಮಾತಾಡಿಸುವುದನ್ನೂ ಬಿಟ್ಟ.

ತಂಗಿಯ ಮಗಳ ಮನೆಗೆ ಹೋಗುವುದೂ ನಿಂತಿತು. ಅಲ್ಲಿ ಸೋಫಾ ಇತ್ತು. ಮೇಸ್ತ್ರಿ ಅದನ್ನು ಮೆತ್ತನೆಯ ಹಳ್ಳ ಎನ್ನುತ್ತಿದ್ದರು. ಕೊನೆಯ ಸಲ ಹೋದಾಗ ಅವಳ ಗಂಡ ಕೈಹಿಡಿದು ಎಬ್ಬಿಸಬೇಕಾಯಿತು. ಚಿಕ್ಕ ಹುಡುಗಿ ಅದನ್ನು ಆಟವೆಂದುಕೊಂಡು ಇನ್ನೊಂದು ಕೈ ಹಿಡಿದು ಎಳೆದಳು. ಎಲ್ಲರೂ ನಕ್ಕರು, ಮೇಸ್ತ್ರಿಯೂ ನಕ್ಕರು. ಮುಂದಿನ ಸಲ ಕರೆದಾಗ ಶೀತ ಎಂದರು, ಅದರ ಮುಂದಿನ ಸಲ ಬಿಸಿಲು ಎಂದರು. ಹೀಗೆ ದಿನಕ್ಕೆ ಒಂದು ಮಾತೂ ಆಡದ ದಿನಗಳು ಬಂದವು. ಕಿಟಕಿಯಿಂದ ಬೀದಿಯ ಯಾವ ನಾಯಿ ಯಾವ ಹೊತ್ತಿಗೆ ಯಾವ ನೆರಳಿಗೆ ಹೋಗುತ್ತದೆ ಎಂಬುದು ಅವರಿಗೆ ಬಾಯಿಪಾಠವಾಯಿತು. ಯಾರಿಗಾದರೂ ಅದನ್ನು ಹೇಳಬೇಕೆನಿಸುತ್ತಿತ್ತು. ಆದರೆ ಅದು ಹೇಳುವಂಥ ವಿಷಯವೂ ಅಲ್ಲವಲ್ಲ ಎಂದು ಸುಮ್ಮನಾಗುತ್ತಿದ್ದರು.

ಒಂದು ದಿನ ಊಟದ ನಂತರ ಕಿವಿಯ ಸಂದಿಯ ಪೆನ್ಸಿಲು ಜಾರಿ ಮಂಚದ ಕೆಳಗೆ ಉರುಳಿತು. ಮೇಸ್ತ್ರಿ ಯೋಚಿಸಲಿಲ್ಲ. ಜೀವಮಾನದ ರೂಢಿಯಂತೆ ನೆಲಕ್ಕೆ ಕೂತು ಕೈಚಾಚಿ ಅದನ್ನು ತೆಗೆದುಕೊಂಡರು. ಏಳುವಾಗ ಕಾಲು ಮಾತು ಕೇಳಲಿಲ್ಲ. ಇನ್ನೊಮ್ಮೆ ನೋಡಿದರು. ತೊಡೆ ನಡುಗಿ, ಪೃಷ್ಠ ನೆಲಕ್ಕೆ ಬಿತ್ತು.

ಹಿಡಿದುಕೊಂಡು ಏಳಲು ಸುತ್ತ ನೋಡಿದರು. ಮಂಚದ ಅಂಚು ಅವರ ತಲೆಯ ಮಟ್ಟಕ್ಕಿತ್ತು. ಕೈಗೆ ಸಿಕ್ಕಿತು, ಆದರೆ ಅಷ್ಟು ಎತ್ತರದಿಂದ ತೋಳಿಗೆ ಭಾರ ಕೊಡಲಾಗಲಿಲ್ಲ. ಕುರ್ಚಿಯನ್ನು ಹಿಡಿದರೆ ಅದು ಉದ್ದ ಕಾಲುಗಳ ಮೇಲೆ ವಾಲಿ ಮೈಮೇಲೆ ಬರುವಂತಾಯಿತು. ಸ್ಟೂಲೂ ಅಷ್ಟೇ. ಆ ಕೋಣೆಯಲ್ಲಿ ನೆಲಕ್ಕೆ ಹತ್ತಿರವಾದದ್ದು ಒಂದು ಮಣೆ ಮಾತ್ರ, ಅದು ಯಾವುದಕ್ಕೂ ಸಾಲದು. ಮೊಣಕೈ ಎತ್ತರದ ಒಂದು ಸಾಮಾನು, ಒಂದು ಹಳೆಯ ಪೆಟ್ಟಿಗೆ ಇದ್ದಿದ್ದರೂ ಅದರ ಮೇಲೆ ಎದೆಯೂರಿ ಎದ್ದುಬಿಡುತ್ತಿದ್ದರು. ಅಂಥದ್ದನ್ನೆಲ್ಲ ತಾವೇ ಒಂದೊಂದಾಗಿ ಮೇಲಕ್ಕೆ ಏರಿಸಿದ್ದರು.

ಕೂಗಲು ನಾಚಿಕೆಯಾಯಿತು. ಮಣೆಯನ್ನು ತೆಗೆದುಕೊಂಡು ನೆಲಕ್ಕೆ ಕುಟ್ಟಿದರು. ಕೆಳಗೆ ಸಲೂನಿನವನಿಗೆ ಅದು ಕೇಳಿಸಿತು. ಅವನಿಗೆ ಸಂತೋಷವಾಯಿತು. ಮೇಸ್ತ್ರಿ ಮತ್ತೆ ಕೆಲಸ ಹಿಡಿದರು, ಇನ್ನು ಸರಿಹೋಗುತ್ತಾರೆ ಎಂದು ಕುರ್ಚಿಯಲ್ಲಿದ್ದ ಗಿರಾಕಿಗೆ ಹೇಳಿದ. ಸದ್ದು ನಿಂತಾಗ, ಈಗ ಅಳತೆ ನೋಡುತ್ತಿರಬೇಕು ಎಂದ. ಮತ್ತೆ ಕೇಳಿಸಿದಾಗ ರೇಡಿಯೋ ಸಣ್ಣ ಮಾಡಿ ಆ ಸದ್ದನ್ನೇ ಕೇಳುತ್ತ ಕತ್ತರಿ ಆಡಿಸಿದ. ಬಿಸಿಲು ಗೋಡೆಯಿಂದ ಗೋಡೆಗೆ ಹೋಯಿತು. ಸಂಜೆ ಗಿರಾಕಿಗಳು ಕಡಿಮೆಯಾದ ಮೇಲೆ, ಏನು ಮಾಡುತ್ತಿದ್ದಾರೋ ನೋಡಿ ರೇಗಿಸಿ ಬರೋಣ ಎಂದು ಮೇಲೆ ಹತ್ತಿ ಬಂದ.

ಮೇಸ್ತ್ರಿ ಮಂಚದ ಕಾಲಿಗೆ ಒರಗಿ ಕೂತಿದ್ದರು. ಪಂಚೆ ಒದ್ದೆಯಾಗಿತ್ತು. ಸಲೂನಿನವನು ಹಿಂದಿನಿಂದ ಕಂಕುಳಿಗೆ ಕೈಹಾಕಿ ಎಬ್ಬಿಸಿದ, ಪಂಚೆ ಬದಲಿಸಿಕೊಟ್ಟ, ನೆಲ ಒರೆಸಿದ. ಒಂದೇ ಒಂದು ತಮಾಷೆಯ ಮಾತು ಆಡಲಿಲ್ಲ. ಮೇಸ್ತ್ರಿಗೆ ಎಲ್ಲಕ್ಕಿಂತ ಭಯವಾದದ್ದು ಅದರಿಂದ.

ಅವನು ಅಂದೇ ತಂಗಿಯ ಮಗಳಿಗೆ ಫೋನು ಮಾಡಿದ. ಅವಳು ಮರುದಿನ ರಜೆ ಹಾಕಿ ಬಂದಳು. ಕೋಣೆಯನ್ನು ಸುತ್ತ ನೋಡಿ, ಮಂಚದ ಕೆಳಗಿನ ತುಂಡುಗಳನ್ನು ಮುಟ್ಟಿ ನೋಡಿ, ಬಾಗಿಲ ಬಳಿ ಬಂದು ನಿಂತಳು.

"ನಾನು ಹೊಗಳ್ತಾ ಇದ್ದೆ ಮಾವ, ಇದನ್ನೆಲ್ಲ. ನೀವೂ ಹೇಳ್ಲಿಲ್ಲ."

"ಹೇಳೋಕೇನಿದೆ. ಮಂಚ ತಗ್ಗಾಗಿತ್ತು, ಎತ್ತರಿಸ್ದೆ."

"ಮಕ್ಕಳ ಪರೀಕ್ಷೆ ಮುಗೀಲಿ. ಬಂದು ಕರ್ಕೊಂಡ್ ಹೋಗ್ತೀನಿ. ಇಲ್ಲ ಅನ್ಬೇಡಿ."

ಮೇಸ್ತ್ರಿ ಇಲ್ಲ ಅನ್ನಲಿಲ್ಲ. ಅಷ್ಟರೊಳಗೆ ತಾವು ನೆಲಕ್ಕೆ ಕೂತು, ಯಾರ ಕೈಯನ್ನೂ ಹಿಡಿಯದೆ ಎದ್ದರೆ ಇಲ್ಲೇ ಬಿಡುತ್ತೀಯಾ ಎಂದು ಕೇಳಿದರು. ಅವಳು ಒಂದು ಷರತ್ತು ಹಾಕಿದಳು. ದವಾಖಾನೆಯಲ್ಲಿ ವ್ಯಾಯಾಮ ಹೇಳಿಕೊಡುವ ಮೇಡಂ ಒಬ್ಬರಿದ್ದಾರೆ, ಅವರು ಹೇಳಿದಂತೆ ಕೇಳಬೇಕು. ಮೇಸ್ತ್ರಿ ಒಪ್ಪಿಕೊಂಡರು.

ಆ ಮೇಡಂ ಮೇಸ್ತ್ರಿಯ ಎರಡೂ ತೊಡೆಗಳನ್ನು ಒತ್ತಿ ನೋಡಿದರು, ನಡೆಸಿದರು, ಹಿಮ್ಮಡಿ ಎತ್ತಿಸಿದರು. ಮೂಳೆ, ಕೀಲು ವಯಸ್ಸಿಗೆ ತಕ್ಕಂತೆ ಚೆನ್ನಾಗಿವೆ, ಮಾಂಸಖಂಡ ಮಾತ್ರ ಕೆಲಸವಿಲ್ಲದೆ ಸೊರಗಿದೆ ಎಂದರು. ವಯಸ್ಸಾದಂತೆ ಎಲ್ಲರಿಗೂ ಅದು ಕರಗುತ್ತದೆ, ಸುಮ್ಮನೆ ಕೂತವರಿಗೆ ಬೇಗ ಕರಗುತ್ತದೆ, ಆದರೆ ಎಷ್ಟು ವಯಸ್ಸಾದರೂ ಕೆಲಸ ಕೊಟ್ಟರೆ ಮತ್ತೆ ಕಸುವು ಬರುತ್ತದೆ ಎಂದೂ ಹೇಳಿದರು. ಮೇಸ್ತ್ರಿ ತಮ್ಮ ಕುರ್ಚಿಯ ಲೆಕ್ಕವನ್ನೆಲ್ಲ ವಿವರಿಸಿದರು. ಕೈ ಆಸರೆಗೆ ಹೋದರೆ ಎತ್ತರ ತಪ್ಪಿದೆ ಎಂದರ್ಥ, ಅದಕ್ಕೇ ಸರಿಮಾಡುತ್ತಾ ಬಂದೆ ಎಂದರು. ಮೇಡಂ ಕಡೆಯವರೆಗೂ ಕೇಳಿಸಿಕೊಂಡರು.

"ರಿಪೇರಿ ಚೆನ್ನಾಗೇ ಮಾಡಿದೀರ ತಾತ. ಕೆಟ್ಟಿದ್ದು ಕುರ್ಚಿ ಅಲ್ಲ, ಅಷ್ಟೇ."

ಮೇಸ್ತ್ರಿಗೆ ಮೊದಲು ಸಿಟ್ಟು ಬಂತು. ಕೋಣೆಗೆ ಬಂದು ಕುರ್ಚಿಯನ್ನು ಮಗುಚಿ ಹಾಕಿ ತುಂಡುಗಳನ್ನು ನೋಡಿದರು. ಮರದ ಬಣ್ಣ ಬೇರೆ ಬೇರೆ ಇದ್ದುದರಿಂದ ಯಾವುದು ಯಾವಾಗಿನದು ಎಂದು ಗೊತ್ತಾಗುತ್ತಿತ್ತು. ಹಾಗೆ ಒಟ್ಟಿಗೆ ನೋಡಿದ್ದು ಅದೇ ಮೊದಲು. ಇಷ್ಟೆತ್ತರ ತಾನು ಇಳಿದಿದ್ದೇನೆ ಎಂದು ಆಗ ತಿಳಿಯಿತು.

ಕೆಲಸ ಶುರುವಾಯಿತು. ಕುರ್ಚಿಯ ಬೆನ್ನನ್ನು ಗೋಡೆಗೆ ಆನಿಸಿ ಕೂರುವುದು, ಏಳುವುದು. ಇಳಿಯುವಾಗ ಧಪ್ಪನೆ ಬೀಳದೆ ನಿಧಾನವಾಗಿ ಇಳಿಯಬೇಕು, ಅಲ್ಲೇ ಕಾಲಿಗೆ ಹೆಚ್ಚು ಕೆಲಸ ಎಂದು ಮೇಡಂ ಹೇಳಿದ್ದರು. ಸಿಂಕು ಹಿಡಿದು ಹಿಮ್ಮಡಿ ಎತ್ತುವುದು. ಮೊದಲ ಮೆಟ್ಟಿಲನ್ನು ಹತ್ತಿ ಇಳಿಯುವುದು. ತೊಡೆಗೆ ಸುಸ್ತಾಗಬೇಕು, ಕೀಲಿಗೆ ನೋವಾಗಬಾರದು. ಒಂದು ದಿನ ಮಾಡಿ ಒಂದು ದಿನ ಬಿಡಬೇಕು. ಬರೀ ಗಂಜಿ ಕುಡಿದುಕೊಂಡಿದ್ದವರು ಮೊಟ್ಟೆ, ಬೇಳೆ, ಹಾಲು ಸೇರಿಸಿಕೊಳ್ಳಬೇಕು. ಒಂದು ಎತ್ತರದಲ್ಲಿ ಸಲೀಸಾದ ಮೇಲೆ ಮೇಸ್ತ್ರಿ ಒಂದು ಸುತ್ತು ತುಂಡುಗಳನ್ನು ಕಿತ್ತು ತೆಗೆಯುತ್ತಿದ್ದರು. ಹೊಡೆದ ಮೊಳೆಗಳು ಗಟ್ಟಿಯಾಗಿದ್ದವು. ಒಂದೊಂದನ್ನು ಕೀಳಲೂ ಒಂದು ಹೊತ್ತು ಹಿಡಿಯುತ್ತಿತ್ತು.

ಅದನ್ನು ನೋಡುವವರು ಯಾರೂ ಇರಲಿಲ್ಲ. ಹೊಸ ಕುರ್ಚಿ ಮಾಡಿದರೆ ಗಿರಾಕಿ ಬಂದು ನೋಡುತ್ತಾನೆ, ಸವರುತ್ತಾನೆ, ಕೊಂಕು ತೆಗೆಯುತ್ತಾನೆ. ಇಲ್ಲಿ ಒಬ್ಬ ಮುದುಕ ಗೋಡೆಯ ಕಡೆ ಬೆನ್ನು ಹಾಕಿ ಕೂರುತ್ತಾನೆ, ಏಳುತ್ತಾನೆ. ಕೆಲವೊಮ್ಮೆ ಅರ್ಧಕ್ಕೆ ನಿಂತು, ಇದು ಯಾರಿಗಾಗಿ ಎಂದು ಅನ್ನಿಸುತ್ತಿತ್ತು. ಸಲೂನಿನವನು ಆ ಸಂಜೆಯ ನಂತರ ತುಂಬ ಒಳ್ಳೆಯವನಾಗಿಬಿಟ್ಟಿದ್ದ. ಪೇಪರು, ಹಾಲು ತಾನೇ ಮೇಲೆ ತಂದುಕೊಡುತ್ತಿದ್ದ. ಮೇಸ್ತ್ರಿ ಮೆಟ್ಟಿಲ ಬಳಿ ಬಂದರೆ, ಅಲ್ಲೇ ಇರಿ, ನಾನೇ ಬರುತ್ತೇನೆ ಎಂದು ಕೂಗುತ್ತಿದ್ದ. ತಂದಿಟ್ಟು, ಹುಷಾರು ಎಂದು ಹೇಳಿ ಇಳಿದುಹೋಗುತ್ತಿದ್ದ. ಮೊದಲಿನಂತೆ ಕಾಲಾಡಿಸುತ್ತ ಕೂತು ಹರಟುತ್ತಿರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಮೇಸ್ತ್ರಿ ಅವನನ್ನು ತಡೆದರು.

"ನಾಳೆಯಿಂದ ಹಾಲು ತರಬೇಡ. ಇಳ್ದು ಬರ್ತೀನಿ."

"ಬಿದ್ರೆ?"

"ಬಿದ್ರೆ ಕುಟ್ತೀನಿ. ಈ ಸಲ ಮೇಜು ಮಾಡ್ತಿದಾನೆ ಅಂದ್ಕೊಂಡು ಸಂಜೇವರೆಗೆ ಕೂರಬೇಡ."

ಸಲೂನಿನವನ ಮುಖ ಸಣ್ಣಗಾಯಿತು. ಆಮೇಲೆ ಅವನಿಗೆ ನಗು ತಡೆಯಲಾಗಲಿಲ್ಲ. ಮೇಜು ಅಲ್ಲ, ಬೀರು ಅಂದುಕೊಂಡಿದ್ದೆ ಎಂದ.

ನೆಲದಿಂದ ಏಳುವುದನ್ನು ಮೇಡಂ ಕಡೆಗೆ ಹೇಳಿಕೊಟ್ಟರು. ಕೂತಲ್ಲಿಂದ ನೇರವಾಗಿ ಏಳಲು ಹೋಗಬಾರದು. ಪಕ್ಕಕ್ಕೆ ಹೊರಳಿ, ಅಂಗೈ ಮೊಣಕಾಲು ಊರಿ, ಮಗುವಿನಂತೆ ನಾಲ್ಕು ಕಾಲಿಗೆ ಬಂದು, ಒಂದು ಪಾದವನ್ನು ಮುಂದಿಟ್ಟು, ಆ ಮಂಡಿಯ ಮೇಲೆ ಎರಡೂ ಕೈ ಒತ್ತಿ ಏಳಬೇಕು. ಮೇಸ್ತ್ರಿ ಮೊದಮೊದಲು ಕಮೋಡಿನ ಮೇಲಿಂದ ಕಿತ್ತ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟುಕೊಂಡು ಅದನ್ನು ಹಿಡಿದು ಎದ್ದರು. ಸಲೂನಿನವನು ಬಾಗಿಲಲ್ಲಿ ನಿಂತಿರುವಾಗ ಮಾತ್ರ ಮಾಡಬೇಕೆಂದು ಅಪ್ಪಣೆಯಾಗಿತ್ತು. ಅವನು ಟವೆಲು ಹೆಗಲ ಮೇಲೆ ಹಾಕಿಕೊಂಡೇ ಬಂದು, ಬೇಗ ಬೇಗ, ಕೆಳಗೆ ಒಬ್ಬನಿಗೆ ಅರ್ಧ ಗಡ್ಡ ಬಿಟ್ಟು ಬಂದಿದ್ದೇನೆ ಎಂದು ಅವಸರಪಡಿಸುತ್ತಿದ್ದ.

ಪರೀಕ್ಷೆ ಮುಗಿದ ವಾರ ತಂಗಿಯ ಮಗಳು ಬಂದಳು. ಕೈಯಲ್ಲಿ ದೊಡ್ಡ ಖಾಲಿ ಚೀಲವಿತ್ತು. ಕುರ್ಚಿ ತನ್ನ ಮೂಲದ ಕಾಲುಗಳ ಮೇಲೆ ನಿಂತಿತ್ತು. ಮಂಚಕ್ಕೆ ಮಾತ್ರ ಒಂದು ಸುತ್ತು ತುಂಡುಗಳು ಉಳಿದಿದ್ದವು, ಅಷ್ಟಿದ್ದರೆ ಒಳ್ಳೆಯದೆಂದು ಮೇಡಂ ಹೇಳಿದ್ದರು. ಅವಳು ನೀರನ್ನೂ ಕುಡಿಯದೆ ಗೋಡೆಗೆ ಒರಗಿ ನಿಂತಳು. ಕೈ ತಾನಾಗಿ ಮುಂದೆ ಹೋದೀತೆಂದು ಎರಡೂ ಕೈಗಳನ್ನು ಚೀಲದೊಳಗೆ ತೂರಿಸಿಕೊಂಡಿದ್ದಳು.

ಮೇಸ್ತ್ರಿ ಕೋಣೆಯ ನಡುವೆ ನೆಲಕ್ಕೆ ಕೂತರು. ಸ್ವಲ್ಪ ಸುಧಾರಿಸಿಕೊಂಡು ಪಕ್ಕಕ್ಕೆ ಹೊರಳಿದರು. ನಾಲ್ಕು ಕಾಲಿಗೆ ಬಂದರು. ಬಲಪಾದವನ್ನು ಮುಂದಿಡಲು ಹೋದಾಗ ಅದು ಪಂಚೆಯ ಅಂಚಿಗೆ ಸಿಕ್ಕಿಕೊಂಡಿತು. ಅವಳು ಒಂದು ಹೆಜ್ಜೆ ಮುಂದೆ ಬಂದಳು. ಮೇಸ್ತ್ರಿ ತಲೆಯೆತ್ತದೆ, ಬೇಡ ಎಂಬಂತೆ ಬೆರಳಾಡಿಸಿ, ಪಂಚೆ ಬಿಡಿಸಿಕೊಂಡು, ಮಂಡಿಯ ಮೇಲೆ ಕೈಯೊತ್ತಿದರು. ತೊಡೆ ನಡುಗಿತು. ನಡುಗುತ್ತಲೇ ನೆಟ್ಟಗಾಯಿತು. ಅವರು ಎದ್ದು ನಿಂತರು.

ಅವಳು ನಕ್ಕಳು. ಆಮೇಲೆ ಕುರ್ಚಿಯಲ್ಲಿ ಕೂತು ಆ ಖಾಲಿ ಚೀಲವನ್ನು ನಾಲ್ಕಾಗಿ, ಎಂಟಾಗಿ ಮಡಚತೊಡಗಿದಳು.

"ಮಕ್ಕಳ ರೂಮು ಖಾಲಿ ಮಾಡ್ಸಿದ್ದೆ. ಕಿಟಕಿ ಕಡೆ ಮಂಚ ಹಾಕ್ಸಿದ್ದೆ ನಿಮ್ಗೆ ಅಂತ."

"ಮಕ್ಕಳು ಬೈಕೊಂಡಿರ್ತಾರೆ."

"ಇಲ್ಲ. ಚಿಕ್ಕೋಳು ಕಾಯ್ತಿದಾಳೆ." ಅವಳು ಚೀಲದಿಂದ ಕಣ್ಣೆತ್ತಲಿಲ್ಲ. "ಅಮ್ಮನ ಕಡೆಯಿಂದ ಅಂತ ನನಗೆ ಇರೋರು ನೀವೊಬ್ರೇ ಮಾವ. ಅದಕ್ಕೇ. ಹೋಗ್ಲಿ ಬಿಡಿ, ನೀವು ಗೆದ್ರಿ."

ಅವಳು ತಮ್ಮನ್ನು ಹೊರೆಯೆಂದುಕೊಂಡೇ ಕರೆಯುತ್ತಿದ್ದಾಳೆ ಎಂದು ಮೇಸ್ತ್ರಿ ಇಷ್ಟು ದಿನ ನಂಬಿದ್ದರು. ಆ ಹೊರೆಯಾಗಬಾರದೆಂದೇ ಮೊಳೆ ಕಿತ್ತಿದ್ದರು, ಕೂತು ಎದ್ದಿದ್ದರು. ಈಗ ಬರುತ್ತೇನೆ ಎಂದುಬಿಡೋಣವೇ ಎನ್ನಿಸಿತು. ಆದರೆ ಈ ಕೋಣೆಯಲ್ಲಿ ಏಳಲು ಕಲಿತದ್ದು ಈ ಕೋಣೆಯಲ್ಲಿ ಇರುವುದಕ್ಕಾಗಿ. ರಜೆಯಲ್ಲಿ ಬಂದು ಎರಡು ದಿನ ಇರುತ್ತೇನೆ, ಚಿಕ್ಕವಳಿಗೆ ಹೇಳು ಎಂದಷ್ಟೇ ಅಂದರು. ಅವಳು ತಲೆಯಾಡಿಸಿದಳು.

ಹೊರಟವಳ ಜೊತೆ ತಾವೂ ಚಪ್ಪಲಿ ಮೆಟ್ಟಿದರು. ಬೇಡವೆಂದರೂ ಕೇಳಲಿಲ್ಲ. ಕಂಬಿಗೆ ಒಂದು ಕೈ ಮಾತ್ರ ಆನಿಸಿ ಮೆಟ್ಟಿಲಿಳಿದು, ಅವಳ ಪಕ್ಕದಲ್ಲಿ ನಡೆದು ಬಸ್‌ಸ್ಟಾಪಿನವರೆಗೆ ಹೋದರು. ದಾರಿಯಲ್ಲಿ, ಆ ಕಂದು ನಾಯಿ ಈ ಹೊತ್ತಿಗೆ ನೀರಿನ ಟ್ಯಾಂಕಿನ ನೆರಳಿಗೆ ಹೋಗುತ್ತದೆ ನೋಡು ಎಂದು ತೋರಿಸಿದರು. ಅವಳು ನೋಡಿದಳು. ಬಸ್ಸು ಬೇಗನೆ ಬಂತು. ಅವಳು ಹತ್ತಿ, ಕಿಟಕಿಯಿಂದ ಕೈಬೀಸಿ, ತಿರುವಿನಲ್ಲಿ ಮರೆಯಾದಳು.

ಸ್ಟಾಪಿನಲ್ಲಿ ಸಿಮೆಂಟಿನ ಕಟ್ಟೆಯೊಂದಿತ್ತು, ತಗ್ಗಾದದ್ದು. ಮೇಸ್ತ್ರಿ ಅದರ ಮೇಲೆ ಕೂತರು. ಆಯಾಸಕ್ಕೇನೂ ಅಲ್ಲ. ಮನೆಗೆ ಹೋಗುವ ಅವಸರವಿರಲಿಲ್ಲ, ಅಷ್ಟೇ. ಜನ ಬಂದು ಪಕ್ಕದಲ್ಲಿ ಕೂತರು, ಎದ್ದು ಹೋದರು. ಒಂದು ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ಜೋತು ನಿಂತು ಇವರ ಕಡೆ ನೋಡಿದ.

"ಬರ್ತೀರಾ ಯಜಮಾನ್ರೇ? ಕೈ ಕೊಡಿ, ಹತ್ತಿಸ್ಕೋತೀನಿ."

"ಇಲ್ಲಪ್ಪ. ನಾನು ಇಲ್ಲಿಯವನೇ."

ಬಸ್ಸು ಹೋಯಿತು. ಅದರ ಹಿಂದೆ ಎದ್ದ ಧೂಳು ಇಳಿಯುವವರೆಗೆ ಅವರು ಕೂತಿದ್ದರು. ಆಮೇಲೆ ಪಾದಗಳನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡು, ಮುಂದಕ್ಕೆ ಬಾಗಿ, ಎದ್ದು ಮನೆಯ ಕಡೆ ನಡೆದರು.